ಪ್ರತಿ ತಿಂಗಳೂ ಅದೇ ಪಾಪವನ್ನು ಅರಿಕೆ ಮಾಡುವವನಿಗೆ ಬದಲಾವಣೆ ಎಂಬುದು ಇದೆಯೇ?

ಸುಂಕದಕಟ್ಟೆ (ಡೊಂಬಿವಲಿ):

ಕರ್ತನಲ್ಲಿ ಎಲ್ಲರಿಗೂ ವಂದನೆಗಳು.

ಈ ಬಳಗದಲ್ಲಿ ಮೂರು ವರ್ಷಗಳಿಂದ ಓದುಗನಾಗಿಯೇ ಇದ್ದೇನೆ; ಬರೆಯುತ್ತಿರುವುದು ಇದೇ ಮೊದಲು. ಹೆಸರು ಹೇಳದಿರುವುದಕ್ಕೆ ಕ್ಷಮೆ ಇರಲಿ. ಮುಂಬಯಿಯ ನಮ್ಮ ಕನ್ನಡ ಸಭೆಗಳು ಎಷ್ಟು ಚಿಕ್ಕವು, ಭಾನುವಾರದ ಆರಾಧನೆ ಮುಗಿದು ಚಹಾ ಕುಡಿಯುವಷ್ಟರಲ್ಲಿ ಯಾರ ಮನೆಯ ಸುದ್ದಿ ಯಾರ ಮನೆ ತಲುಪಿರುತ್ತದೆ ಎಂಬುದು ನಿಮಗೂ ಗೊತ್ತು.

ನನಗೆ 43 ವರ್ಷ. ಫೋರ್ಟಿನ ಒಂದು ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ. ಮುತ್ತಜ್ಜ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಇಸ್ಪೀಟಿನ ಎಲೆ ನಮ್ಮ ಮನೆಯ ಹೊಸ್ತಿಲು ದಾಟಿದ್ದಿಲ್ಲ. ಅಂಥ ಮನೆಯವನಾದ ನಾನು 2022ರಲ್ಲಿ ಮೊಬೈಲಿನಲ್ಲಿ ಹಣವಿಟ್ಟು ರಮ್ಮಿ ಆಡತೊಡಗಿದೆ. ಮೊದಲು ನೂರು, ಆಮೇಲೆ ಐನೂರು, ಆಮೇಲೆ ಸಂಬಳ ಬಂದ ರಾತ್ರಿಯೇ ಸಂಬಳದ ಕಾಲುಭಾಗ. 2025ರ ಆಗಸ್ಟಿನಲ್ಲಿ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಗೆ ಸಂಸತ್ತು ಒಪ್ಪಿಗೆ ಕೊಟ್ಟು, ನನ್ನ ಆ್ಯಪಿನಲ್ಲಿ ಹಣ ಹಾಕುವ ದಾರಿಯೇ ಮುಚ್ಚಿಹೋದಾಗ, ನಾನು ಬಿಡಲಾರದ್ದನ್ನು ದೇವರು ಸರಕಾರದ ಕೈಯಿಂದ ಬಿಡಿಸಿದರು ಎಂದು ಮೊಣಕಾಲೂರಿ ಸ್ತೋತ್ರ ಹೇಳಿದೆ. ಐದೇ ವಾರ. ಅಷ್ಟರಲ್ಲಿ ನಿಫ್ಟಿಯ ಆಪ್ಶನ್ ವಹಿವಾಟಿಗೆ, ಎಂದರೆ ಶೇರುಪೇಟೆಯ ಸೂಚ್ಯಂಕ ಏರುತ್ತದೋ ಇಳಿಯುತ್ತದೋ ಎಂಬುದರ ಮೇಲೆ ಹಣ ಹಾಕುವುದಕ್ಕೆ, ಇಳಿದಿದ್ದೆ.

ಇದು ಕಾನೂನುಬದ್ಧ, ಕಚೇರಿಯಲ್ಲಿ ಅರ್ಧ ಮಂದಿ ಮಾಡುತ್ತಾರೆ, ಜೂಜಲ್ಲ ಹೂಡಿಕೆ ಎಂದು ನನಗೆ ನಾನೇ ಹೇಳಿಕೊಂಡೆ. 2022ರಿಂದ 2024ರ ವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಈ ವಹಿವಾಟಿಗಿಳಿದ ಸಾಮಾನ್ಯ ಜನರ ಪೈಕಿ ಶೇಕಡಾ 93 ಮಂದಿ ಹಣ ಕಳೆದುಕೊಂಡರೆಂದು ಶೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಪ್ರಕಟಿಸಿದ್ದನ್ನು ಲೆಕ್ಕದ ಕೆಲಸದವನಾದ ನಾನು ಓದಿಯೇ ಇದ್ದೆ. ಉಳಿದ ಏಳರಲ್ಲಿ ನಾನೊಬ್ಬ ಎಂದು ನಂಬುವುದಕ್ಕೆ ನನಗೆ ಒಂದು ಬೆಳಗೂ ಕಷ್ಟವಾಗಲಿಲ್ಲ. ವಿಶ್ವಾಸದ ವಿಷಯದಲ್ಲಿ ಅಷ್ಟು ದೃಢತೆ ನನಗೆ ಎಂದೂ ಇದ್ದದ್ದಿಲ್ಲ.

ಬೆಳಗಿನ ಲೋಕಲಿನಲ್ಲಿ ಸೀಟು ಸಿಕ್ಕರೆ ಮೊಬೈಲಿನಲ್ಲಿ ಸತ್ಯವೇದ ತೆರೆದು ಒಂದು ಅಧ್ಯಾಯ ಓದುತ್ತೇನೆ. 9.15ಕ್ಕೆ ಮಾರುಕಟ್ಟೆ ತೆರೆಯುತ್ತದೆ. ಗಾಡಿ ಆ ಹೊತ್ತಿಗೆ ದಾದರ್ ದಾಟುತ್ತಿರುತ್ತದೆ. ಕೀರ್ತನೆಯನ್ನು ಸರಿಸಿದ ಹೆಬ್ಬೆರಳೇ ಆ ಆ್ಯಪನ್ನೂ ಒತ್ತುತ್ತದೆ. ಮಂಗಳವಾರ ನಿಫ್ಟಿಯ ಎಕ್ಸ್‌ಪೈರಿ, ವಾರದ ಆಪ್ಶನ್‌ಗಳ ಅವಧಿ ಮುಗಿಯುವ ದಿನ. ಮಂಗಳವಾರ ರಾತ್ರಿ ನಾನು ಮಕ್ಕಳೊಡನೆ ಹೇಗೆ ಮಾತಾಡುತ್ತೇನೆಂಬುದನ್ನು ಬರೆಯಲು ನಾಚಿಕೆಯಾಗುತ್ತದೆ. ತಿಂಗಳ ಮೊದಲನೆಯ ಭಾನುವಾರ ಕರ್ತನ ಭೋಜನಕ್ಕೆ ಮುಂಚೆ ಮನಸಾರೆ ಅತ್ತು ಅರಿಕೆ ಮಾಡುತ್ತೇನೆ, ಎರಡನೆಯ ಮಂಗಳವಾರಕ್ಕೆ ಮತ್ತೆ ಅಲ್ಲೇ ಇರುತ್ತೇನೆ. ಒಟ್ಟು ನಷ್ಟ ನಾಲ್ಕು ಲಕ್ಷ ದಾಟಿದೆ. ಹೆಂಡತಿಯ ನಾಲ್ಕು ಪವನಿನ ಎರಡು ಬಳೆಗಳು ಬ್ಯಾಂಕಿನ ಲಾಕರಿನಲ್ಲಿವೆ ಎಂದು ಆಕೆ ತಿಳಿದಿದ್ದಾಳೆ. ಅವು ನವೆಂಬರಿನಿಂದ ಅಡವಿನಲ್ಲಿವೆ. ಮೇ ತಿಂಗಳಲ್ಲಿ ಉಡುಪಿಯಲ್ಲಿ ಆಕೆಯ ಅಕ್ಕನ ಮಗಳ ಮದುವೆ ಇದೆ.

ಹಣ ಮರಳಿ ಗಳಿಸುವ ದಾರಿಯನ್ನು ನಾನು ಕೇಳುತ್ತಿಲ್ಲ. ಪ್ರತಿ ತಿಂಗಳೂ ಅಳುವ ಈ ಪಶ್ಚಾತ್ತಾಪ ಸುಳ್ಳೇ? ಒಂದು ಬಾಗಿಲು ಮುಚ್ಚಿದರೆ ಪಾಪ ಬೇರೆ ಅಂಗಿ ತೊಟ್ಟು ಇನ್ನೊಂದು ಬಾಗಿಲಿನಿಂದ ಬರುವುದೇಕೆ? ಕ್ರೈಸ್ತ ಜೀವಿತದಲ್ಲಿ ಉಳಿಯುವ ಬದಲಾವಣೆ ಎಂಬುದನ್ನು ಯಾರಾದರೂ ಕಂಡಿದ್ದೀರಾ?

ಜಯಗೀತೆ (ಮೀರಾ ರೋಡ್):

ಸಹೋದರರೇ, ನಿಮ್ಮ ಬರಹ ಓದಿ ಪ್ರಾರ್ಥನೆ ಮಾಡಿಯೇ ಬರೆಯುತ್ತಿದ್ದೇನೆ. ಪಾಪವು ನಿಮ್ಮ ಮೇಲೆ ಅಧಿಕಾರ ನಡೆಸದು ಎಂದು ರೋಮಾಪುರದವರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯ 14ನೆಯ ವಚನ ಹೇಳುತ್ತದೆ. ಅದು ವಾಗ್ದಾನ, ಅದನ್ನು ಹಿಡಿದುಕೊಳ್ಳಿ. ನನ್ನ ಕೋಪಕ್ಕೆ ಮನೆಯವರೆಲ್ಲ ನಡುಗುತ್ತಿದ್ದ ಕಾಲವೊಂದಿತ್ತು. 2013ರಲ್ಲಿ ಮೂರು ದಿನ ಉಪವಾಸ ಪ್ರಾರ್ಥನೆಯಲ್ಲಿ ಕುಳಿತೆ, ಮೂರನೆಯ ರಾತ್ರಿ ಕರ್ತನು ಅದನ್ನು ಬೇರುಸಹಿತ ಕಿತ್ತುಹಾಕಿದನು. ಆದ್ದರಿಂದ ದೇವರು ಕ್ಷಣದಲ್ಲಿ ಬಿಡಿಸಬಲ್ಲನು ಎಂಬುದಕ್ಕೆ ನಾನೇ ಸಾಕ್ಷಿ. ಈ ಲೆಂಟ್ ಕಾಲದಲ್ಲಿ ನೀವೂ ಉಪವಾಸವಿದ್ದು ಬಿಡುಗಡೆಗಾಗಿ ಬೇಡಿಕೊಳ್ಳಿ; ನಾನು ಸೋತವನು ಎಂದು ಬಾಯಿಂದ ಹೇಳುತ್ತಿರಬೇಡಿ.

ಹೆಂಡತಿಗೆ ಈಗಲೇ ಹೇಳಬೇಕೇ ಎಂಬುದರಲ್ಲಿ ಮಾತ್ರ ನನಗೆ ಅನುಮಾನವಿದೆ. ಭವಿಷ್ಯನಿಧಿಯಿಂದ ಮುಂಗಡ ಪಡೆದು ಮೊದಲು ಬಳೆ ಬಿಡಿಸಿಕೊಳ್ಳಿ, ಸಮಾಧಾನದ ಸಮಯ ನೋಡಿ ಆಮೇಲೆ ಹೇಳಿ. ಮನೆ ಮುರಿಯಬಾರದು.

ಪುಣೆ ಟೀಚರ್ (ನಿವೃತ್ತೆ):

ತಮ್ಮಾ, ನಿನ್ನ ಮೊದಲನೆಯ ಪ್ರಶ್ನೆಯಲ್ಲಿಯೇ ಗಂಟು ಇದೆ, ಅದನ್ನೇ ಬಿಚ್ಚಿ ನೋಡೋಣ. ಮೂವತ್ತೊಂದು ವರ್ಷ ಕನ್ನಡ ಪಾಠ ಹೇಳಿದವಳು ನಾನು, ಪದದಿಂದಲೇ ಶುರುಮಾಡುತ್ತೇನೆ, ಸಹಿಸಿಕೋ.

‘ಪಶ್ಚಾತ್ತಾಪ’ ಎಂದರೆ ಆಮೇಲೆ ಹುಟ್ಟುವ ತಾಪ. ತಾಪದ ಸ್ವಭಾವವೇ ಆರುವುದು. ಬಾಣಲೆ ಎಷ್ಟೇ ಕಾದಿದ್ದರೂ ಒಲೆ ಆರಿಸಿದ ಮೇಲೆ ಎಷ್ಟು ಹೊತ್ತು ಬಿಸಿಯಾಗಿದ್ದೀತು? ನಿನ್ನದು ಒಂಬತ್ತು ದಿನ ಬಿಸಿಯಾಗಿರುತ್ತದೆ, ಅಷ್ಟೇ. ಆದರೆ ನಮ್ಮ ಹಳೆಯ ಸತ್ಯವೇದದಲ್ಲಿ ಸ್ನಾನಿಕನಾದ ಯೋಹಾನನೂ ಕರ್ತನೂ ಸಾರುವಾಗ ತಾಪದ ಮಾತೇ ಇಲ್ಲ. ‘ದೇವರ ಕಡೆಗೆ ತಿರುಗಿಕೊಳ್ಳಿರಿ’ ಎಂದಿದೆ. ಗ್ರೀಕ್ ಮೂಲದ ‘ಮೆಟಾನೋಯಿಯಾ’ ಕೂಡ ಮನಸ್ಸು ಬೇರೆಯಾಗುವುದನ್ನೇ ಹೇಳುತ್ತದೆ, ಅಳುವನ್ನಲ್ಲ. ತಿರುಗಿಕೊಳ್ಳುವ ಕೆಲಸ ಕಣ್ಣೀರಿನದಲ್ಲ, ಕಾಲಿನದು. ಕರ್ತನನ್ನು ಹಿಡಿದುಕೊಟ್ಟ ಯೂದನೂ ಮನಮರುಗಿದನು, ಆತನನ್ನು ಅರಿಯೆನೆಂದು ಬೊಂಕಿದ ಪೇತ್ರನೂ ಬಹು ವ್ಯಥೆಪಟ್ಟು ಅತ್ತನು. ಇಬ್ಬರ ದುಃಖವೂ ನಿಜವೇ. ಆದರೆ ಒಬ್ಬನು ಒಂಟಿಯಾಗಿ ಹೊರಟುಹೋದನು, ಇನ್ನೊಬ್ಬನು ತಾನು ಬೊಂಕಿದ ಸಂಗತಿಯನ್ನು ಬಲ್ಲವರ ನಡುವೆಯೇ ಮರಳಿ ಬಂದು ನಿಂತನು. ನಿನ್ನ ಅಳು ಸುಳ್ಳಲ್ಲ ತಮ್ಮಾ, ಅದು ಅರ್ಧ. ನೀನು ದೇವರ ಮುಂದೆ ಮಾತ್ರ ಅಳುತ್ತೀ, ಏಕೆಂದರೆ ದೇವರು ನಿನ್ನ ಹೆಂಡತಿಗೆ ಹೇಳುವುದಿಲ್ಲವೆಂಬ ಧೈರ್ಯ ನಿನಗಿದೆ. ಕಟುವಾಯಿತೇನೋ. ಆದರೂ ಅಳಿಸುವುದಿಲ್ಲ.

ಎರಡನೆಯ ಪ್ರಶ್ನೆಗೆ ಮತ್ತಾಯನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿ ಕರ್ತನೇ ಉತ್ತರ ಕೊಟ್ಟಿದ್ದಾನೆ. ದೆವ್ವ ಬಿಟ್ಟುಹೋದ ಮನೆ ಗುಡಿಸಿ ಅಲಂಕರಿಸಿದ್ದಾಗಿದೆ, ಆದರೆ ಅಲ್ಲಿ ವಾಸಿಸುವವರಿಲ್ಲ. ಹೋದದ್ದು ತನಗಿಂತ ಕೆಟ್ಟ ಏಳನ್ನು ಕೂಡಿಸಿಕೊಂಡು ಮರಳುತ್ತದೆ. ಸಂಸತ್ತು ನಿನ್ನ ಮನೆ ಗುಡಿಸಿಕೊಟ್ಟಿತು. ಐದು ವಾರ ಅಲ್ಲಿ ಯಾರು ವಾಸವಾಗಿದ್ದರು? ರಮ್ಮಿ ನಿನಗೆ ಕೊಡುತ್ತಿದ್ದುದು ಹಣವಂತೂ ಅಲ್ಲ, ಕಳೆದುಕೊಂಡದ್ದನ್ನು ನೀನೇ ಲೆಕ್ಕ ಹಾಕಿ ಬರೆದಿದ್ದೀ. ಹಾಗಾದರೆ ಏನನ್ನು ಕೊಡುತ್ತಿತ್ತು? ದಿನಕ್ಕೆ ಮೂರು ಗಂಟೆ ಲೋಕಲಿನಲ್ಲಿ ನಿಂತು ಸವೆದವನಿಗೆ ತನ್ನ ಬದುಕು ಇನ್ನೂ ತಿರುಗೀತು ಎಂಬ ಹತ್ತು ನಿಮಿಷದ ಭ್ರಮೆಯನ್ನೋ, ಅಥವಾ ಯಾರಿಗೂ ಗೊತ್ತಿಲ್ಲದ ಒಂದು ಕೋಣೆ ನನಗೂ ಇದೆ ಎಂಬ ಸುಖವನ್ನೋ? ಅದನ್ನು ನೀನೇ ಶೋಧಿಸಿಕೊಳ್ಳಬೇಕು. ಎಫೆಸದವರಿಗೆ ಬರೆದ ಪತ್ರಿಕೆಯ 4ನೆಯ ಅಧ್ಯಾಯದಲ್ಲಿ ಪೌಲನು ಕಳ್ಳನಿಗೆ ಕದಿಯಬೇಡ ಎಂದಷ್ಟಕ್ಕೇ ನಿಲ್ಲುವುದಿಲ್ಲ. ಕೈಯಾರೆ ದುಡಿದು, ಇಲ್ಲದವರಿಗೆ ಕೊಡುವಂಥವನಾಗಲಿ ಎನ್ನುತ್ತಾನೆ. ಕದಿಯುತ್ತಿದ್ದ ಕೈಗೇ ಕೊಡುವ ಕೆಲಸ. ಬರಿದಾದ ಜಾಗಕ್ಕೆ ಅದಕ್ಕೆ ಎದುರಾದದ್ದನ್ನು ತಂದು ಕೂರಿಸುವುದು.

ಇಲ್ಲಿಂದ ದೌಂಡಿಗೆ ಹೋಗುವ ರೈಲುದಾರಿಯಲ್ಲಿ ಕೇಡಗಾಂವ್ ಇದೆ, ಪಂಡಿತಾ ರಮಾಬಾಯಿ ನಿರ್ಗತಿಕ ಹೆಣ್ಣುಮಕ್ಕಳಿಗಾಗಿ ಮುಕ್ತಿ ಸದನ ನಡೆಸಿದ ಊರು. ಅವರು ಹುಟ್ಟಿದ್ದು 1858ರಲ್ಲಿ, ನಮ್ಮ ಘಟ್ಟದ ಗಂಗಾಮೂಲದಲ್ಲಿ. ಆ ನಂಟಿನಿಂದ ಅವರನ್ನು ನಮ್ಮವರೆಂದೇ ಎಣಿಸುತ್ತೇನೆ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಹೊಂದಿದ ಆಕೆ, ಆಗ ತನಗೆ ದೊರೆತದ್ದು ಕ್ರೈಸ್ತ ಧರ್ಮ, ಕ್ರಿಸ್ತನು ದೊರೆತದ್ದು ಕೆಲವು ವರ್ಷಗಳ ನಂತರ ಎಂದು ತಮ್ಮ ಸಾಕ್ಷಿಯಲ್ಲಿ ಒಪ್ಪಿಕೊಂಡಿದ್ದಾರೆ. 1905ರಲ್ಲಿ ಅವರ ಮುಕ್ತಿ ಸದನದಲ್ಲಿ ಉಜ್ಜೀವನ ಉಂಟಾಗಿ ಹುಡುಗಿಯರು ಗಟ್ಟಿಯಾಗಿ ಅತ್ತು ಪಾಪಗಳನ್ನು ಅರಿಕೆ ಮಾಡಿದ್ದನ್ನು ನಮ್ಮ ಪ್ರಸಂಗಿಗಳು ಎಲ್ಲೆಡೆ ಹೇಳುತ್ತಾರೆ. ಅದೇ ಆವರಣದಲ್ಲಿ ಮುದ್ರಣಾಲಯ, ಮಗ್ಗ, ಹೊಲ ಇದ್ದುವೆಂಬುದನ್ನೂ ಜೊತೆಗೆ ಹೇಳಬೇಕಿತ್ತು. ಅತ್ತವರಿಗೆ ಮರುಬೆಳಗ್ಗೆ ಮಾಡಲು ಕೆಲಸವಿತ್ತು, ಪಕ್ಕದಲ್ಲಿ ಕೂತು ಕೆಲಸ ಮಾಡುವ ಸಂಗಡಿಗರಿದ್ದರು.

ಸಹೋದರಿ ಜಯಗೀತೆಯವರ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ, ದೇವರು ಹಾಗೂ ಮಾಡುತ್ತಾನೆ. ಆದರೆ ಆ 6ನೆಯ ಅಧ್ಯಾಯದ ವಚನದ ಹಿಂದಿನ ಸಾಲಿನಲ್ಲೇ ನಿಮ್ಮ ಅಂಗಗಳನ್ನು ದೇವರಿಗೆ ಒಪ್ಪಿಸಿಕೊಡಿರಿ ಎಂದಿದೆ. ಅಂಗಗಳಲ್ಲಿ ಹೆಬ್ಬೆರಳೂ ಒಂದು.

ಮಾಹಿಮ್ ಬುಧವಾರ:

ನಾನು ಕಥೋಲಿಕನು, ನಿಮ್ಮ ಸಭೆಯವನಲ್ಲ. ಆದರೂ ನಮ್ಮಲ್ಲಿ ಇದನ್ನು ಹೇಗೆ ನೋಡುತ್ತಾರೆ ಎಂಬುದು ಉಪಯೋಗಕ್ಕೆ ಬಂದೀತು.

ಪಾಪನಿವೇದನೆಯಲ್ಲಿ ನಮಗೆ ಕಲಿಸುವುದು ಮನಸ್ತಾಪ, ಗುರುಗಳ ಮುಂದೆ ಬಾಯಿಬಿಟ್ಟು ಹೇಳುವುದು, ಮಾಡಿದ ಕೇಡಿಗೆ ಪರಿಹಾರ ಕಟ್ಟುವುದು ಎಂಬ ಮೂರನ್ನು. ಮೊದಲಿನದು ಚೆನ್ನಾಗಿ ಆಗಿಬಿಟ್ಟರೆ ಉಳಿದೆರಡೂ ಆದಂತೆಯೇ ಎಂದು ನಮ್ಮಲ್ಲೂ ಬಹಳ ಮಂದಿ ತಿಳಿಯುತ್ತಾರೆ. ಕದ್ದದ್ದನ್ನು ಹಿಂದಿರುಗಿಸುವ ಮನಸ್ಸಿಲ್ಲದೆ ಕ್ಷಮೆ ಕೇಳುವುದು ನಿಲ್ಲುವ ಮಾತಲ್ಲ. ಬಳೆಗಳು ನಿಮ್ಮ ನಷ್ಟದ ಪಟ್ಟಿಯಲ್ಲಿಲ್ಲ, ಬೇರೊಬ್ಬರ ಸೊತ್ತಿನ ಪಟ್ಟಿಯಲ್ಲಿವೆ. ಇನ್ನೊಂದು, ಪಾಪಕ್ಕೆ ಎಡೆಗೊಡುವ ಸಂದರ್ಭಗಳನ್ನು ತೊರೆಯುತ್ತೇನೆಂಬ ನಿರ್ಧಾರ. ನೀವು ಪಾಪವನ್ನು ತೊರೆಯುವ ಪ್ರತಿಜ್ಞೆ ಮಾಡಿ, ಸಂದರ್ಭವನ್ನು ಚಾರ್ಜ್ ಮಾಡಿ ಜೇಬಿನಲ್ಲಿಟ್ಟುಕೊಂಡು ಗಾಡಿ ಹತ್ತುತ್ತಿದ್ದೀರಿ.

ಸಂತ ಅಗಸ್ಟೀನರು ಮನಸ್ಸು ತಿರುಗುವ ಮುಂಚೆ, ಶುದ್ಧತೆ ಕೊಡು, ಆದರೆ ಈಗಲೇ ಬೇಡ ಎಂದು ಬೇಡುತ್ತಿದ್ದರಂತೆ. ಮುಂದಿನ ಎಕ್ಸ್‌ಪೈರಿ ಆದ ಮೇಲೆ, ಎಂದ ಹಾಗೆ. ನನಗೆ ಹೆಚ್ಚು ಧೈರ್ಯ ಕೊಟ್ಟದ್ದು ಮಾತ್ರ ಬೇರೆ ಸಂಗತಿ. 387ರಲ್ಲಿ ಸ್ನಾನದೀಕ್ಷೆ ಪಡೆದ ಅವರು, ಹತ್ತು ವರ್ಷಗಳ ಮೇಲೆ ಬಿಷಪರಾಗಿದ್ದುಕೊಂಡು ಬರೆದ ಆತ್ಮನಿವೇದನೆಯಲ್ಲಿ, ಊಟದ ಆಸೆ, ಕನಸುಗಳು, ಹೊಗಳಿಕೆಯ ಚಪಲ ಇನ್ನೂ ತನ್ನನ್ನು ಕಾಡುತ್ತಿವೆ ಎಂದು ಪುಟಗಟ್ಟಲೆ ಬರೆದಿದ್ದಾರೆ. ಬದಲಾದ ಮನುಷ್ಯನಿಗೆ ಪಾಪದ ಸೆಳೆತ ಬರುವುದಿಲ್ಲವೆಂದಲ್ಲ, ಬಂದದ್ದನ್ನು ಅವನು ಬಚ್ಚಿಡುವುದಿಲ್ಲ.

ಹನ್ನೊಂದು ವರ್ಷ (ಠಾಣೆ):

ನಾನು ಹೊಟೇಲಿನ ಗಲ್ಲೆಯಲ್ಲಿ ಕುಳಿತು ಕೆಲಸ ಮಾಡುವವನು, ಟೀಚರಮ್ಮನವರಷ್ಟು ಓದಿದವನಲ್ಲ. ಕುಡಿತ ಬಿಟ್ಟು ಹನ್ನೊಂದು ವರ್ಷವಾಯಿತು. ಅದಕ್ಕೂ ಮುಂಚೆ ಆರು ಸಲ ಬಿಟ್ಟಿದ್ದೆ, ಪ್ರತಿ ಸಲವೂ ಉಪವಾಸ ಪ್ರಾರ್ಥನೆಯಲ್ಲಿಯೇ.

ಬಳೆ ಬಿಡಿಸಿಕೊಂಡು ಆಮೇಲೆ ಹೇಳಿ ಎಂಬ ಸಲಹೆಗೆ ನನ್ನ ಪೂರ್ಣ ವಿರೋಧವಿದೆ. ಅಕ್ಕನವರು ಒಳ್ಳೆಯ ಮನಸ್ಸಿನಿಂದ ಹೇಳಿದ್ದಾರೆ, ಆದರೆ ಅದು ಅದೇ ಆಟದ ಇನ್ನೊಂದು ಕೈ. ಹೆಂಡತಿಗೆ ತಿಳಿಯದಂತೆ ಭವಿಷ್ಯನಿಧಿಯ ಹಣ ಖಾತೆಗೆ ಬಂತೆನ್ನಿ; ಸೋಮವಾರ ಬಂದ ಹಣ ಮಂಗಳವಾರ ಬೆಳಗ್ಗೆ ದಾದರಿನಲ್ಲಿ ಎಲ್ಲಿಗೆ ಹೋಗುತ್ತದೆ? ಎಲ್ಲವನ್ನೂ ಸರಿಪಡಿಸಿ ಆಮೇಲೆ ಒಪ್ಪಿಕೊಳ್ಳುತ್ತೇನೆ ಎನ್ನುವವನಿಗೆ ಕ್ಷಮೆ ಬೇಡ, ಮರ್ಯಾದೆ ಬೇಕು. ನನಗೂ ಅದೇ ಬೇಕಿತ್ತು. ಸುವಾರ್ತೆಯಲ್ಲಿ ಬರುವ ಸುಂಕದವನಾದ ಜಕ್ಕಾಯನು, ಅನ್ಯಾಯವಾಗಿ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆಂದು ಹೇಳಿದ್ದು ಜನರ ಎದುರಿಗೆ. ಆದರೆ ಕರ್ತನು ಅವನ ಮನೆಗೆ ಬರುತ್ತೇನೆಂದದ್ದು ಅದಕ್ಕೂ ಮೊದಲು, ಆತನನ್ನು ನೋಡಲೆಂದು ಹತ್ತಿದ ಮರದ ಮೇಲೆ ಅವನಿನ್ನೂ ಇದ್ದಾಗಲೇ. ಈ ಹಿಂದುಮುಂದನ್ನು ನನಗೆ ತೋರಿಸಿಕೊಟ್ಟವರು ನಮ್ಮ ಸಭಾಪಾಲಕರು. ದೇವರ ಕ್ಷಮೆ ನಿಮ್ಮ ಹೆಂಡತಿಗೆ ಹೇಳುವುದರಿಂದ ಸಿಗುವ ಕೂಲಿಯಲ್ಲ. ಅದು ಮೊದಲೇ ಇದೆ ಎಂದು ನಂಬಿದವನಿಗೆ ಹೇಳುವ ಶಕ್ತಿ ಬರುತ್ತದೆ, ಅಷ್ಟೇ. ಹೆಂಡತಿಯ ನಂಬಿಕೆ ಮಾತ್ರ ಪುಕ್ಕಟೆ ಬರುವುದಿಲ್ಲ. ನನ್ನಾಕೆ ನನ್ನ ಸಂಬಳದ ಲಕೋಟೆಯನ್ನು ಎಣಿಸದೆ ಒಳಗಿಟ್ಟದ್ದು ನಾಲ್ಕನೆಯ ವರ್ಷದಲ್ಲಿ.

ನಾನು ಹೋಗುವುದು ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಕ್ಕೆ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರಿಂದ ಶುರುವಾದದ್ದು. ಅದರ ಐದನೆಯ ಮೆಟ್ಟಿಲು, ಮಾಡಿದ ತಪ್ಪು ಇಂಥದ್ದೇ ಎಂದು ದೇವರಿಗೂ ನಮಗೂ ಇನ್ನೊಬ್ಬ ಮನುಷ್ಯನಿಗೂ ಒಪ್ಪಿಕೊಳ್ಳುವುದು. ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ನಿಮ್ಮ ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿಕೊಳ್ಳಿರಿ ಎಂದಿರುವುದು ಇದೇ ಅಲ್ಲವೇ? ನಮ್ಮ ಸಭೆಯಲ್ಲಿ ಆ ವಚನವನ್ನು ಎಷ್ಟೋ ಸಲ ಕೇಳಿದ್ದೇನೆ, ಮಾಡಿ ತೋರಿಸಿದ್ದನ್ನು ಕಂಡದ್ದು ಕುಡುಕರ ಕೂಟದಲ್ಲಿ.

ಈಗ ಮಾಡಬೇಕಾದ ಕೆಲಸ ಹೇಳುತ್ತೇನೆ. ಇಂದೇ ನಿಮ್ಮ ಬ್ರೋಕರಿಗೆ ಬರೆದು ಖಾತೆಯಿಂದ ಆಪ್ಶನ್ ವಹಿವಾಟಿನ ಅನುಮತಿಯನ್ನೇ ತೆಗೆಸಿ. ಆ್ಯಪ್ ಅಳಿಸಿದರೆ ಸಾಲದು, ಅದು ಎರಡು ನಿಮಿಷದಲ್ಲಿ ಮರಳಿ ಬರುತ್ತದೆ. ಸಂಬಳದ ಖಾತೆಯನ್ನು ಹೆಂಡತಿಗೆ ಒಪ್ಪಿಸಿ. ಹೇಳುವಾಗ ಪೂರ್ತಿ ಮೊತ್ತ ಹೇಳಿ, ಅರ್ಧ ಹೇಳಬೇಡಿ, ಉಳಿದರ್ಧ ಹೊರಬಿದ್ದ ದಿನ ಮೊದಲನೆಯದೂ ಸುಳ್ಳಾಗುತ್ತದೆ. ಜೂಜಿನ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ. ಪಾಪವೋ ಕಾಯಿಲೆಯೋ ಎಂದು ಚರ್ಚೆ ಮಾಡುತ್ತ ಕೂರುವುದರ ಬದಲು ಪಾಪಕ್ಕೆ ದೇವರ ಬಳಿಗೂ ಕಾಯಿಲೆಗೆ ವೈದ್ಯರ ಬಳಿಗೂ ಹೋಗಿ. ರಾತ್ರಿ ತೀರಾ ಕಂಗೆಟ್ಟರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ಶನಿವಾರ ಸಂಜೆ ಐದಕ್ಕೆ ನನ್ನ ಪಾಳಿ ಮುಗಿಯುತ್ತದೆ. ಠಾಣೆ ಸ್ಟೇಶನ್ನಿನಲ್ಲಿ ಇಳಿಯುವುದಾದರೆ ನಾನು ಬಂದು ನಿಲ್ಲುತ್ತೇನೆ. ಹೆಸರು ಹೇಳಬೇಕಾಗಿಲ್ಲ.

ಜಯಗೀತೆ (ಮೀರಾ ರೋಡ್):

ಠಾಣೆಯ ಸಹೋದರರ ಮಾತು ನನಗೆ ಚುಚ್ಚಿತು, ಆದರೆ ಸರಿ ಇದೆ. ಭವಿಷ್ಯನಿಧಿಯ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಉಪವಾಸದ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ. ಇನ್ನೊಂದು ವಿಷಯ ಹೇಳಿಬಿಡುತ್ತೇನೆ: 2013ರ ಆ ರಾತ್ರಿಯ ಮರುದಿನ ನಾನು ಅತ್ತೆಯವರ ಕಾಲು ಹಿಡಿದು ಕ್ಷಮೆ ಕೇಳಿದ್ದೆ. ಸಾಕ್ಷಿ ಹೇಳುವಾಗ ಅದನ್ನು ಯಾವಾಗಲೂ ಬಿಟ್ಟುಬಿಡುತ್ತೇನೆ, ಏಕೆಂದು ಇವತ್ತು ಯೋಚಿಸುತ್ತಿದ್ದೇನೆ.

ಸುಂಕದಕಟ್ಟೆ (ಡೊಂಬಿವಲಿ):

ಎಲ್ಲರಿಗೂ ವಂದನೆಗಳು. ನಾಲ್ಕು ದಿನ ಉತ್ತರಿಸದಿದ್ದುದಕ್ಕೆ ಕ್ಷಮಿಸಿ. ಟೀಚರ್ ಅವರೇ, ಯಾರಿಗೂ ಗೊತ್ತಿಲ್ಲದ ಕೋಣೆ ಎಂದಿರಲ್ಲ, ಅದನ್ನು ಓದಿದ ಮೇಲೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ನನಗೆ ಬೇಕಾಗಿದ್ದುದು ಅದೇ.

ಬ್ರೋಕರಿಗೆ ಶುಕ್ರವಾರವೇ ಬರೆದೆ. ನಿನ್ನೆ ರಾತ್ರಿ ಮಕ್ಕಳು ಮಲಗಿದ ಮೇಲೆ ಹೇಳಿದೆ. ಆಕೆ ಮರುದಿನದ ಡಬ್ಬಿಗೆ ಬೀನ್ಸ್ ಹೆಚ್ಚುತ್ತಿದ್ದಳು. ಪೂರ್ತಿ ಮೊತ್ತ ಹೇಳಿದೆ, ರಮ್ಮಿಯದು ಬೇರೆ, ಆಪ್ಶನ್ನಿನದು ಬೇರೆ. ಆಕೆ ಹೆಚ್ಚುವುದನ್ನು ನಿಲ್ಲಿಸಲಿಲ್ಲ. ಬಳೆಯ ವಿಷಯ ಹೇಳಿದಾಗ ಚಾಕು ಕೆಳಗಿಟ್ಟಳು. ಬಹಳ ಹೊತ್ತಿನ ಮೇಲೆ, “ರಸೀದಿ ಎಲ್ಲಿದೆ?” ಎಂದು ಮಾತ್ರ ಕೇಳಿದಳು. ಆಫೀಸಿನ ಚೀಲದ ಒಳಜೇಬಿನಿಂದ ತೆಗೆದುಕೊಟ್ಟೆ. ಟ್ಯೂಬ್‌ಲೈಟಿನ ಕೆಳಗೆ ನಿಂತು ತಾರೀಕು, ತೂಕ, ಬಡ್ಡಿ ಎಲ್ಲವನ್ನೂ ಓದಿ, ನಾಲ್ಕಾಗಿ ಮಡಚಿ ತನ್ನ ಪರ್ಸಿನಲ್ಲಿಟ್ಟುಕೊಂಡಳು. ಬೆಳಗ್ಗೆ ಡಬ್ಬಿ ಎಂದಿನಂತೆ ಮೇಜಿನ ಮೇಲಿತ್ತು. ಮಾತಿಲ್ಲ.

ಇವತ್ತು ಮಂಗಳವಾರ. ದಾದರಿನಲ್ಲಿ ಕೈ ತಾನಾಗಿಯೇ ಜೇಬಿಗೆ ಹೋಯಿತು. ಭಾಯಖಳಾ ಬರುವ ತನಕ ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಮೇಲಿನ ಹಿಡಿಕೆಯನ್ನು ಹಿಡಿದುಕೊಂಡು ನಿಂತಿದ್ದೆ, ಪಕ್ಕದಲ್ಲಿ ಸೀಟು ಖಾಲಿಯಾದದ್ದೂ ಗೊತ್ತಾಗಲಿಲ್ಲ.

ಠಾಣೆಯ ಅಣ್ಣನವರೇ, ಶನಿವಾರ ಐದೂವರೆಗೆ ಬರುತ್ತೇನೆ. ಸ್ಟೇಶನ್ನಿನ ಪೂರ್ವಕ್ಕೋ ಪಶ್ಚಿಮಕ್ಕೋ, ಎಲ್ಲಿ ನಿಲ್ಲಬೇಕೆಂದು ತಿಳಿಸಿ.